ಹೊಟ್ಟೆಗೆ ಒಳಪೆಟ್ಟು ಬಿದ್ದಾಗ: ಸಿ.ಟಿ. ಸ್ಕ್ಯಾನ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ?

"ಮೈಮೇಲೆ ಒಂದು ಗಾಯವೂ ಇಲ್ಲ, ಆದರೆ ಒಳಪೆಟ್ಟು ಬಿದ್ದಿರಬಹುದು, ಮೊದಲು ಸ್ಕ್ಯಾನ್ ಮಾಡಿಸಿ." ಅಪಘಾತವಾದ ಜಾಗದಲ್ಲಿ ಸೇರಿದವರಲ್ಲಿ ಒಬ್ಬರಾದರೂ ಈ ಮಾತು ಹೇಳುತ್ತಾರೆ. ಇದರ ಅರ್ಧ ನಿಜ. ಹೊಟ್ಟೆಯೊಳಗಿನ ಪೆಟ್ಟು ಹೊರಗೆ ಕಾಣಲೇಬೇಕೆಂದಿಲ್ಲ. ಆದರೆ "ಮೊದಲು ಸ್ಕ್ಯಾನ್" ಎನ್ನುವುದು ಎಲ್ಲರಿಗೂ ಒಪ್ಪುವ ಸಲಹೆಯಲ್ಲ. ಕೆಲವರಿಗೆ ಸ್ಕ್ಯಾನ್ ಜೀವ ಉಳಿಸುತ್ತದೆ. ಇನ್ನು ಕೆಲವರಿಗೆ ಸ್ಕ್ಯಾನ್ ಕೋಣೆಯಲ್ಲಿ ಕಳೆದ ಸಮಯವೇ ಜೀವಕ್ಕೆ ಎರವಾಗಬಹುದು.

ಬಳ್ಳಾರಿ ಜಿಲ್ಲೆಯವರಿಗೆ ಇದು ದೂರದ ವಿಷಯವಲ್ಲ. ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಸಿರುಗುಪ್ಪ, ತೆಕ್ಕಲಕೋಟೆ ದಾಟಿ ಬಳ್ಳಾರಿ ನಗರಕ್ಕೆ ಬರುತ್ತದೆ. ಅದೇ ರಸ್ತೆಯಲ್ಲಿ ಭತ್ತದ ಲಾರಿ, ಕೊಯ್ಲು ಯಂತ್ರ, ಹತ್ತಿ ಮತ್ತು ಮೆಣಸಿನಕಾಯಿ ಬಿಡಿಸಲು ಕೂಲಿಯವರನ್ನು ತುಂಬಿಕೊಂಡ ಟ್ರ್ಯಾಕ್ಟರ್, ಟಂಟಂ, ಬೈಕು ಎಲ್ಲವೂ ಓಡಾಡುತ್ತವೆ. ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿ.ಮೀ., ಕುರುಗೋಡಿನಿಂದ ಅದರ ಅರ್ಧದಷ್ಟು. ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ಮನುಷ್ಯನಿಗೆ ಈ ದೂರ ಸಣ್ಣದಲ್ಲ. ಆದ್ದರಿಂದ ಸಿ.ಟಿ. ಸ್ಕ್ಯಾನ್ ಯಾರಿಗೆ ಬೇಕು, ಯಾರಿಗೆ ಬೇಡ, ಅದರ ವರದಿ ನೋಡಿ ವೈದ್ಯರು ಏನು ನಿರ್ಧರಿಸುತ್ತಾರೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ನೋಡೋಣ.

ಮೊಂಡ ಪೆಟ್ಟು ಒಳಗೆ ಏನು ಮಾಡುತ್ತದೆ?

ಚಾಕು ಚುಚ್ಚಿದರೆ ಗಾಯದ ಜಾಗ ಕಣ್ಣಿಗೆ ಕಾಣುತ್ತದೆ. ಬೈಕಿನ ಹ್ಯಾಂಡಲ್ ತಿವಿದರೆ, ಸ್ಟಿಯರಿಂಗ್ ಒತ್ತಿದರೆ, ಟ್ರ್ಯಾಕ್ಟರ್ ಮಗುಚಿ ಮೇಲೆ ಬಿದ್ದರೆ ಚರ್ಮ ಹರಿಯದೆಯೇ ಒಳಗಿನ ಅಂಗ ಸೀಳಬಹುದು. ಇದನ್ನೇ ವೈದ್ಯರು ಹೊಟ್ಟೆಯ ಮೊಂಡ ಪೆಟ್ಟು ಎನ್ನುತ್ತಾರೆ.

ಹೊಟ್ಟೆಯಲ್ಲಿ ಎರಡು ಬಗೆಯ ಅಂಗಗಳಿವೆ. ಮೊದಲನೆಯದು ಗಟ್ಟಿ ಅಂಗಗಳು: ಬಲಗಡೆ ಪಕ್ಕೆಲುಬಿನ ಕೆಳಗೆ ಯಕೃತ್ತು, ಎಡಗಡೆ ಗುಲ್ಮ, ಹಿಂಬದಿಯಲ್ಲಿ ಎರಡು ಮೂತ್ರಪಿಂಡ, ಅಡ್ಡಲಾಗಿ ಮೇದೋಜೀರಕ ಗ್ರಂಥಿ. ಇವುಗಳ ತುಂಬ ರಕ್ತ ಇರುವುದರಿಂದ ಸೀಳಿದರೆ ರಕ್ತ ಸೋರುತ್ತದೆ. ಎರಡನೆಯದು ಟೊಳ್ಳು ಅಂಗಗಳು: ಜಠರ, ಕರುಳು, ಮೂತ್ರಕೋಶ. ಇವು ಹರಿದರೆ ಒಳಗಿರುವ ಆಹಾರ, ಮಲ ಅಥವಾ ಮೂತ್ರ ಹೊಟ್ಟೆಯ ಪೊರೆಯೊಳಗೆ ಚೆಲ್ಲಿ ಕೆಲವು ಗಂಟೆಗಳಲ್ಲಿ ಸೋಂಕು ಹಬ್ಬುತ್ತದೆ. ಗಟ್ಟಿ ಅಂಗದ ಪೆಟ್ಟು ರಕ್ತಸ್ರಾವದಿಂದ ಕೊಲ್ಲುತ್ತದೆ, ಟೊಳ್ಳು ಅಂಗದ ಪೆಟ್ಟು ನಂಜಿನಿಂದ ಕೊಲ್ಲುತ್ತದೆ. ಮೊದಲನೆಯದು ಬೇಗ, ಎರಡನೆಯದು ತಡವಾಗಿ. ಮುಂದೆ ಹೇಳುವ ಎಲ್ಲ ನಿರ್ಧಾರಗಳ ಹಿಂದೆ ಈ ವ್ಯತ್ಯಾಸವಿದೆ.

"ಹೊಟ್ಟೆ ಊದಿಲ್ಲ, ಬಿ.ಪಿ. ಸರಿಯಾಗಿದೆ, ಹಾಗಾದರೆ ಏನೂ ಆಗಿಲ್ಲ" ಎಂಬ ನಂಬಿಕೆ ಅಪಾಯಕಾರಿ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಒಂದು ಲೀಟರ್‌ಗಿಂತ ಹೆಚ್ಚು ರಕ್ತ ಹೊಟ್ಟೆಯೊಳಗೆ ಶೇಖರವಾದರೂ ಹೊರಗಿನಿಂದ ಉಬ್ಬು ಕಾಣದೆ ಇರಬಹುದು. ಆರೋಗ್ಯವಂತ ಯುವಕರ ದೇಹ ನಾಡಿಯನ್ನು ವೇಗಗೊಳಿಸಿ, ಚರ್ಮದ ರಕ್ತನಾಳಗಳನ್ನು ಬಿಗಿದು ರಕ್ತದೊತ್ತಡವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸುಮಾರು ಶೇ. 30ರಷ್ಟು ರಕ್ತ, ಅಂದರೆ ಒಂದೂವರೆ ಲೀಟರ್ ಹೋಗುವ ತನಕ ಬಿ.ಪಿ. ಯಂತ್ರ ಒಳ್ಳೆಯ ಅಂಕಿಯನ್ನೇ ತೋರಿಸಬಹುದು. ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಅದಕ್ಕೂ ಮೊದಲೇ ಸಿಗುವ ಸುಳಿವುಗಳೆಂದರೆ ವೇಗದ ನಾಡಿ, ತಣ್ಣನೆಯ ಬೆವರು, ಬಿಳಿಚಿದ ಮುಖ, ಬಾಯಾರಿಕೆ, ಚಡಪಡಿಕೆ.

ಸ್ಕ್ಯಾನ್ ಇಲ್ಲದ ಕಾಲದಲ್ಲಿ

ಸಿ.ಟಿ. ಬರುವ ಮುಂಚೆ ಶಸ್ತ್ರಚಿಕಿತ್ಸಕರ ಬಳಿ ಇದ್ದುದು ಕೈ, ಕಣ್ಣು ಮತ್ತು ಅನುಮಾನ. 1965ರಲ್ಲಿ ಇನ್ನೊಂದು ಉಪಾಯ ಬಂತು. ಹೊಕ್ಕುಳ ಬಳಿ ಸಣ್ಣ ಕೊಳವೆ ತೂರಿಸಿ, ಸಲೈನ್ ಬಿಟ್ಟು, ಮರಳಿ ತೆಗೆದು ಅದರಲ್ಲಿ ರಕ್ತವಿದೆಯೇ ಎಂದು ನೋಡುವುದು. ಬಲು ಸೂಕ್ಷ್ಮವಾದ ಪರೀಕ್ಷೆ ಅದು. ಆದರೆ ಅದರ ಸೂಕ್ಷ್ಮತೆಯೇ ತೊಂದರೆಯಾಯಿತು. ಸ್ವಲ್ಪ ರಕ್ತ ಕಂಡರೂ ಹೊಟ್ಟೆ ತೆರೆಯುತ್ತಿದ್ದರು. ತೆರೆದು ನೋಡಿದರೆ ಎಷ್ಟೋ ಸಲ ಗುಲ್ಮದ ಅಥವಾ ಯಕೃತ್ತಿನ ಸೀಳು ತಾನಾಗಿಯೇ ಹೆಪ್ಪುಗಟ್ಟಿ ನಿಂತಿರುತ್ತಿತ್ತು. ರಕ್ತ ಇದೆ ಎಂದು ಆ ಪರೀಕ್ಷೆ ಹೇಳುತ್ತಿತ್ತು. ಎಲ್ಲಿಂದ ಬಂತು, ಇನ್ನೂ ಸೋರುತ್ತಿದೆಯೇ ಎಂದು ಹೇಳುತ್ತಿರಲಿಲ್ಲ.

ಗುಲ್ಮ ಹರಿದಿದ್ದರೆ ಅದನ್ನು ತೆಗೆದುಹಾಕುವುದೇ ಆಗಿನ ರೂಢಿ. ಗುಲ್ಮ ಇಲ್ಲದೆಯೂ ಬದುಕಬಹುದು ಎಂಬುದು ನಿಜ, ಆದರೆ ಅದಕ್ಕೆ ಬೆಲೆ ಇದೆ. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶೂಮಾಕರ್ ಎಂಬ ವೈದ್ಯರು, ಗುಲ್ಮ ತೆಗೆದ ಎಳೆಯ ಮಕ್ಕಳಿಗೆ ತೀವ್ರ ಸೋಂಕು ತಗಲುತ್ತಿರುವುದನ್ನು ವರದಿ ಮಾಡಿದರು. ಗುಲ್ಮ ರಕ್ತವನ್ನು ಸೋಸುವ ಅಂಗ. ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾಗಳನ್ನು ಅದು ಹಿಡಿದು ನಾಶಮಾಡುತ್ತದೆ. ಗುಲ್ಮ ತೆಗೆಸಿಕೊಂಡವರಿಗೆ ಇಂದಿಗೂ ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಮೋಫಿಲಸ್ ವಿರುದ್ಧದ ಲಸಿಕೆಗಳನ್ನು ಕೊಡುವುದು ಇದೇ ಕಾರಣಕ್ಕೆ.

ಮಕ್ಕಳ ಶಸ್ತ್ರಚಿಕಿತ್ಸಕರು ಇಲ್ಲಿಂದ ಬೇರೆ ದಾರಿ ಹುಡುಕಿದರು. ಕೆನಡಾದ ಟೊರಾಂಟೊದಲ್ಲಿ ಪಿ. ಉಪಾಧ್ಯಾಯ ಮತ್ತು ಜೆ.ಎಸ್. ಸಿಂಪ್ಸನ್ 1968ರಲ್ಲಿ ಪ್ರಕಟಿಸಿದ ಬರಹ ಮಕ್ಕಳ ಗುಲ್ಮದ ಪೆಟ್ಟನ್ನು ಎಲ್ಲ ಸಲವೂ ಕೊಯ್ಯಬೇಕಿಲ್ಲ ಎಂಬ ವಾದಕ್ಕೆ ಬುನಾದಿಯಾಯಿತು. ಉಪಾಧ್ಯಾಯರು ಮುಂದೆ ದೆಹಲಿಯ ಏಮ್ಸ್‌ನಲ್ಲಿ ಮಕ್ಕಳ ಶಸ್ತ್ರಚಿಕಿತ್ಸೆಯನ್ನು ಕಟ್ಟಿ ಬೆಳೆಸಿದವರಲ್ಲೊಬ್ಬರು. ಆದರೆ ಒಳಗೆ ಏನಿದೆ ಎಂದು ಕಾಣದೆ ಕಾಯುವುದು ಕತ್ತಲಲ್ಲಿ ನಡೆದಂತೆ. ಅಲ್ಲಿಗೆ ಬೆಳಕು ತಂದದ್ದು ಸಿ.ಟಿ.

ಸಿ.ಟಿ. ಕಾಣುವುದು ಹೇಗೆ?

1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿತು. ಇದರ ಗಣಿತವನ್ನು ಬೇರೆಯಾಗಿಯೇ ಬಿಡಿಸಿದ್ದ ಆಲನ್ ಕಾರ್ಮಾಕ್ ಅವರೊಂದಿಗೆ ಹೌನ್ಸ್‌ಫೀಲ್ಡ್ 1979ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ತತ್ವ ಸರಳ. ಸಾಮಾನ್ಯ ಎಕ್ಸ್‌ರೇಯಲ್ಲಿ ಮುಂದಿನ ಅಂಗ, ಹಿಂದಿನ ಅಂಗ ಒಂದರ ಮೇಲೊಂದು ಬಿದ್ದ ನೆರಳಾಗಿ ಕಾಣುತ್ತವೆ. ಸಿ.ಟಿ.ಯಲ್ಲಿ ಎಕ್ಸ್‌ರೇ ಕಿರಣ ದೇಹದ ಸುತ್ತ ತಿರುಗುತ್ತ ಎಲ್ಲ ದಿಕ್ಕಿನಿಂದಲೂ ಅಳತೆ ತೆಗೆದುಕೊಳ್ಳುತ್ತದೆ. ಕಂಪ್ಯೂಟರ್ ಅದನ್ನು ಸೇರಿಸಿ ದೇಹದ ತೆಳ್ಳನೆಯ ಹೋಳುಗಳ ಚಿತ್ರ ಕೊಡುತ್ತದೆ.

ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಇರುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000. ಹೊಸದಾಗಿ ಸೋರಿದ ರಕ್ತಕ್ಕೆ ಸುಮಾರು 30ರಿಂದ 45, ಹೆಪ್ಪುಗಟ್ಟಿದ ರಕ್ತಕ್ಕೆ ಅದಕ್ಕಿಂತ ಹೆಚ್ಚು, ಸುಮಾರು 45ರಿಂದ 70. ಆದ್ದರಿಂದ ಹೊಟ್ಟೆಯೊಳಗಿನ ದ್ರವ ರಕ್ತವೋ, ನೀರೋ ಎಂದು ಅಂದಾಜು ಮಾಡಬಹುದು. ಹೆಪ್ಪುಗಟ್ಟಿದ ರಕ್ತ ಸಾಮಾನ್ಯವಾಗಿ ಸೋರಿದ ಜಾಗದ ಬಳಿಯೇ ಕೂತಿರುತ್ತದೆ, ಆದ್ದರಿಂದ ಪೆಟ್ಟಾದ ಅಂಗ ಯಾವುದೆಂಬ ಗುರುತೂ ಸಿಗುತ್ತದೆ. ಗಾಳಿ ಕರುಳಿನ ಹೊರಗೆ ಕಂಡರೆ ಟೊಳ್ಳು ಅಂಗ ಹರಿದಿರುವ ಸಂಶಯ ಬಲವಾಗುತ್ತದೆ.

ಪೆಟ್ಟಿನ ಸ್ಕ್ಯಾನ್‌ನಲ್ಲಿ ಅಯೋಡಿನ್ ಇರುವ ಡೈಯನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಆರೋಗ್ಯವಾಗಿರುವ ಯಕೃತ್ತು, ಗುಲ್ಮ ಬೆಳ್ಳಗೆ ಹೊಳೆಯುತ್ತವೆ, ಸೀಳಿದ ಜಾಗ ಕಪ್ಪು ಗೆರೆಯಾಗಿ ಉಳಿಯುತ್ತದೆ. ಎಲ್ಲಾದರೂ ರಕ್ತನಾಳದ ಹೊರಗೆ ಡೈ ಚೆಲ್ಲಿ ಬಿಳಿಯ ಮಚ್ಚೆ ಕಂಡರೆ, ಆ ಕ್ಷಣದಲ್ಲೂ ರಕ್ತ ಸೋರುತ್ತಿದೆ ಎಂದರ್ಥ. ವೈದ್ಯರು ಇದನ್ನು "ಬ್ಲಷ್" ಎನ್ನುತ್ತಾರೆ. ಹಳೆಯ ಸಲೈನ್ ಪರೀಕ್ಷೆ ಹೇಳಲಾಗದಿದ್ದ ಮಾತು ಇದೇ.

ಸೀಳಿನ ಆಳ, ಹೆಪ್ಪಿನ ಗಾತ್ರ ನೋಡಿ ಪೆಟ್ಟಿಗೆ 1ರಿಂದ 5ರ ತನಕ ದರ್ಜೆ ಕೊಡುತ್ತಾರೆ. 1 ಎಂದರೆ ಮೇಲ್ಮೈಯ ತರಚು, 5 ಎಂದರೆ ಅಂಗ ಚೂರಾದಂತೆ. ಅಮೆರಿಕದ ಗಾಯ ಶಸ್ತ್ರಚಿಕಿತ್ಸಕರ ಸಂಘ ರೂಪಿಸಿದ ಈ ದರ್ಜೆಗಳನ್ನು 2018ರಲ್ಲಿ ಪರಿಷ್ಕರಿಸಿದಾಗ, ಸಿ.ಟಿ.ಯಲ್ಲಿ ಕಾಣುವ ರಕ್ತನಾಳದ ಪೆಟ್ಟನ್ನೂ ಲೆಕ್ಕಕ್ಕೆ ಸೇರಿಸಲಾಯಿತು. ಆದರೆ ಬರೀ ದರ್ಜೆ ನೋಡಿ ಕೊಯ್ಯುವುದಿಲ್ಲ.

ಮೊದಲ ಪ್ರಶ್ನೆ ಸ್ಕ್ಯಾನ್‌ನದಲ್ಲ, ರಕ್ತದೊತ್ತಡದ್ದು

ದಾರಿ ಸ್ಪಷ್ಟವಾಗಲು ಇಬ್ಬರು ರೋಗಿಗಳನ್ನು ಕಲ್ಪಿಸಿಕೊಳ್ಳೋಣ.

ಸಿರುಗುಪ್ಪದ ಗದ್ದೆಯ ಬದುವಿನಲ್ಲಿ ಟ್ರ್ಯಾಕ್ಟರ್ ಮಗುಚಿ 30 ವರ್ಷದ ಚಾಲಕ ಅದರಡಿ ಸಿಕ್ಕಿಬಿದ್ದಿದ್ದಾನೆ. ಆಸ್ಪತ್ರೆಗೆ ಬರುವಾಗ ಮೇಲಿನ ಬಿ.ಪಿ. 80, ನಾಡಿ 140. ಸಲೈನ್, ರಕ್ತ ಕೊಟ್ಟರೂ ಏರುತ್ತಿಲ್ಲ. ಮಂಚದ ಪಕ್ಕದಲ್ಲೇ ಅಲ್ಟ್ರಾಸೌಂಡ್ ಇಟ್ಟಾಗ ಹೊಟ್ಟೆಯಲ್ಲಿ ರಕ್ತ ಕಾಣುತ್ತದೆ. ಇವನಿಗೆ ಸಿ.ಟಿ. ಬೇಡ. ನೇರವಾಗಿ ಆಪರೇಷನ್ ಥಿಯೇಟರ್. ಯಾವ ಅಂಗ, ಯಾವ ದರ್ಜೆ ಎಂದು ಶಸ್ತ್ರಚಿಕಿತ್ಸಕರು ಹೊಟ್ಟೆ ತೆರೆದೇ ನೋಡುತ್ತಾರೆ. ಸ್ಕ್ಯಾನ್ ಯಂತ್ರದ ಮೇಲೆ ಮಲಗಿಸುವುದು, ಡೈ ಚುಚ್ಚುವುದು, ಇಳಿಸುವುದು, ಚಿತ್ರ ಓದುವುದು ಎಲ್ಲ ಸೇರಿ ಹೋಗುವ ನಿಮಿಷಗಳು ಅವನ ಬಳಿ ಇಲ್ಲ. ಆ ಕೋಣೆಯಲ್ಲಿ ಹೃದಯ ನಿಂತರೆ ಅಲ್ಲಿ ಏನೂ ಮಾಡಲಾಗುವುದಿಲ್ಲ.

ಕುರುಗೋಡು ರಸ್ತೆಯಲ್ಲಿ ಬೈಕ್ ಜಾರಿ ಬಿದ್ದ ಇನ್ನೊಬ್ಬನಿಗೆ ಎಡ ಪಕ್ಕೆಯಲ್ಲಿ ನೋವು, ಎಡ ಭುಜದಲ್ಲೂ ನೋವು. ಬಿ.ಪಿ. 118, ನಾಡಿ 96, ಮಾತಾಡುತ್ತಿದ್ದಾನೆ. ಅಲ್ಟ್ರಾಸೌಂಡ್‌ನಲ್ಲಿ ಗುಲ್ಮದ ಸುತ್ತ ಸ್ವಲ್ಪ ದ್ರವ. ಇವನಿಗೆ ಸಿ.ಟಿ. ಬೇಕೇ ಬೇಕು. ಗುಲ್ಮದಲ್ಲಿ 3ನೇ ದರ್ಜೆಯ ಸೀಳು ಇದೆ, ಆದರೆ ಬ್ಲಷ್ ಇಲ್ಲ, ಬೇರೆ ಅಂಗಕ್ಕೆ ಪೆಟ್ಟಿಲ್ಲ ಎಂದು ವರದಿ ಬಂದರೆ ಅವನನ್ನು ಕೊಯ್ಯದೆ, ಮಲಗಿಸಿ, ಗಂಟೆ ಗಂಟೆಗೂ ಪರೀಕ್ಷಿಸುತ್ತ ಕಾಯಬಹುದು.

ಈ ಎರಡರ ನಡುವೆ ಮೂರನೆಯ ಗುಂಪೂ ಇದೆ. ಸಲೈನ್ ಕೊಟ್ಟಾಗ ಬಿ.ಪಿ. ಏರಿ, ಅರ್ಧ ಗಂಟೆಯಲ್ಲಿ ಮತ್ತೆ ಇಳಿಯುವವರು. ಇವರು ಸುಧಾರಿಸಿದಂತೆ ಕಾಣುವುದರಿಂದಲೇ ಹೆಚ್ಚು ಅಪಾಯಕ್ಕೆ ಸಿಲುಕುತ್ತಾರೆ. ಇಂಥವರನ್ನು ಸ್ಕ್ಯಾನ್‌ಗೆ ಕರೆದೊಯ್ಯಬೇಕೇ ಎಂಬುದು ಆ ಆಸ್ಪತ್ರೆಯ ಯಂತ್ರ ಎಷ್ಟು ಹತ್ತಿರವಿದೆ, ಜೊತೆಗೆ ಹೋಗುವ ತಂಡ ಎಷ್ಟು ಸಮರ್ಥವಾಗಿದೆ ಎಂಬುದರ ಮೇಲೆ ನಿಲ್ಲುತ್ತದೆ.

ಮಂಚದ ಪಕ್ಕದ ಆ ಅಲ್ಟ್ರಾಸೌಂಡಿಗೆ "ಫಾಸ್ಟ್" ಎಂದು ಹೆಸರು. ಹೊಟ್ಟೆಯ ಬಲ, ಎಡ, ಕೆಳಭಾಗ ಮತ್ತು ಹೃದಯದ ಸುತ್ತ, ಹೀಗೆ ನಾಲ್ಕು ಕಡೆ ರಕ್ತ ಹುಡುಕುವ ಎರಡು ಮೂರು ನಿಮಿಷದ ಪರೀಕ್ಷೆ. ಕಿರಣವಿಲ್ಲ, ರೋಗಿಯನ್ನು ಕದಲಿಸಬೇಕಿಲ್ಲ, ಎಷ್ಟು ಸಲ ಬೇಕಾದರೂ ಮಾಡಬಹುದು. ಆದರೆ ಸುಮಾರು ಕಾಲು ಲೀಟರ್‌ಗಿಂತ ಕಡಿಮೆ ರಕ್ತ ಇದ್ದರೆ ತಪ್ಪಿಹೋಗಬಹುದು. ಹೊಟ್ಟೆಯ ಹಿಂಬದಿಯ ಮೂತ್ರಪಿಂಡ, ಮೇದೋಜೀರಕ ಗ್ರಂಥಿಯ ಪೆಟ್ಟು ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಫಾಸ್ಟ್‌ನಲ್ಲಿ ರಕ್ತ ಕಂಡರೆ ನಂಬಬಹುದು, ಕಾಣದಿದ್ದರೆ "ಏನೂ ಇಲ್ಲ" ಎನ್ನಲಾಗದು.

ಸಿ.ಟಿ.ಗೂ ತಪ್ಪಿಹೋಗುವ ಪೆಟ್ಟುಗಳು

ಗಟ್ಟಿ ಅಂಗಗಳ ವಿಷಯದಲ್ಲಿ ಸಿ.ಟಿ. ಬಹಳ ನಂಬಿಕಸ್ಥ. ಕರುಳಿನ ವಿಷಯದಲ್ಲಿ ಅಷ್ಟಿಲ್ಲ. ಸಣ್ಣ ತೂತಿನಿಂದ ಮೊದಲ ಒಂದೆರಡು ಗಂಟೆಯಲ್ಲಿ ಗಾಳಿ, ದ್ರವ ಹೆಚ್ಚು ಹೊರಬಂದಿರುವುದಿಲ್ಲ. ಕರುಳಿಗೆ ರಕ್ತ ತರುವ ಪೊರೆ ಹರಿದಿದ್ದರೆ ಕರುಳು ಒಂದು ದಿನದ ನಂತರ ಕೊಳೆಯಲು ಶುರುವಾಗಬಹುದು. ಮೊದಲ ಸ್ಕ್ಯಾನ್‌ನಲ್ಲಿ ಅದರ ಸುಳಿವು ಅಷ್ಟಾಗಿ ಸಿಗದು.

ಬಳ್ಳಾರಿಯ ಬೈಪಾಸಿನಲ್ಲಿ ಕಾರು ಡಿಕ್ಕಿಯಾಗಿ ಬಂದ ಮೂರನೆಯ ರೋಗಿಯನ್ನು ಕಲ್ಪಿಸಿಕೊಳ್ಳಿ. ಸೀಟ್ ಬೆಲ್ಟ್ ಅವಳ ಪ್ರಾಣ ಉಳಿಸಿದೆ, ಆದರೆ ಕೆಳಹೊಟ್ಟೆಯ ಮೇಲೆ ಅಡ್ಡಲಾಗಿ ನೀಲಿಗಟ್ಟಿದ ಪಟ್ಟಿ ಮೂಡಿದೆ. ಬಿ.ಪಿ. ಸರಿಯಾಗಿದೆ. ಸಿ.ಟಿ.ಯಲ್ಲಿ ಯಕೃತ್ತು, ಗುಲ್ಮ ಸರಿಯಾಗಿವೆ, ಆದರೆ ಸ್ವಲ್ಪ ದ್ರವ ಇದೆ. ಯಾವ ಗಟ್ಟಿ ಅಂಗವೂ ಒಡೆದಿಲ್ಲ ಎಂದರೆ ಈ ದ್ರವ ಎಲ್ಲಿಂದ ಬಂತು? ಅನುಭವಿ ಶಸ್ತ್ರಚಿಕಿತ್ಸಕರನ್ನು ಎಚ್ಚರಿಸುವ ಪ್ರಶ್ನೆ ಇದು. ಅವಳನ್ನು ಮನೆಗೆ ಕಳಿಸುವುದಿಲ್ಲ. ಎಂಟು ಗಂಟೆಯ ನಂತರ ಹೊಟ್ಟೆ ಹಲಗೆಯಂತೆ ಬಿಗಿಯಾಗಿ, ಜ್ವರ ಬಂದು, ನಾಡಿ ಏರಿದರೆ ಕೊಯ್ಯುವ ನಿರ್ಧಾರ ಮಾಡಿಸುವುದು ಸ್ಕ್ಯಾನ್ ಅಲ್ಲ, ಹೊಟ್ಟೆ ಮುಟ್ಟಿ ನೋಡುವ ಕೈ.

ಮೇದೋಜೀರಕ ಗ್ರಂಥಿಯೂ ಹೀಗೆಯೇ. ಸೈಕಲ್ ಹ್ಯಾಂಡಲ್ ಹೊಟ್ಟೆಗೆ ತಿವಿದ ಮಗುವಿನಲ್ಲಿ ಅದು ಬೆನ್ನುಮೂಳೆಗೆ ಒತ್ತಿಕೊಂಡು ಹರಿಯಬಹುದು, ಮೊದಲ ಕೆಲವು ಗಂಟೆಗಳ ಸ್ಕ್ಯಾನ್ ಸಹಜವಾಗಿಯೇ ಕಾಣಬಹುದು. ನೋವು ಹೆಚ್ಚುತ್ತಿದ್ದರೆ 12ರಿಂದ 24 ಗಂಟೆಯ ನಂತರ ಮತ್ತೆ ಸ್ಕ್ಯಾನ್ ಮಾಡುವುದು ಇದಕ್ಕೇ. ಎರಡನೇ ಸ್ಕ್ಯಾನ್ ಎಂದರೆ ಹಣ ಕೀಳುವ ಉಪಾಯ ಎಂದೇ ತಿಳಿಯಬೇಕಿಲ್ಲ.

ಕೊಯ್ಯದೆ ಕಾಯುವುದೂ ಚಿಕಿತ್ಸೆಯೇ

"ಒಳಗೆ ರಕ್ತ ಇದೆ ಅಂತಾರೆ, ಆದರೂ ಆಪರೇಷನ್ ಮಾಡ್ತಿಲ್ಲ, ಸುಮ್ಮನೆ ಮಲಗಿಸಿದ್ದಾರೆ" ಎಂದು ಮನೆಯವರು ಕಳವಳಪಡುವುದು ಸಹಜ. ಆದರೆ ಸಿ.ಟಿ.ಯಿಂದ ಸಿಕ್ಕ ದೊಡ್ಡ ಲಾಭವೇ ಇದು. ಯಾರನ್ನು ಕೊಯ್ಯಬೇಕು ಎಂಬುದನ್ನು ಬಹುಮಟ್ಟಿಗೆ ರಕ್ತದೊತ್ತಡ ಮತ್ತು ಹೊಟ್ಟೆಯ ಬಿಗಿತ ಹೇಳುತ್ತವೆ. ಯಾರನ್ನು ಕೊಯ್ಯದೆ ಬಿಡಬಹುದು ಎಂದು ಧೈರ್ಯ ಕೊಟ್ಟದ್ದು ಸಿ.ಟಿ. ಸ್ಥಿರವಾಗಿರುವ ರೋಗಿಗಳಲ್ಲಿ ಯಕೃತ್ತು, ಗುಲ್ಮ, ಮೂತ್ರಪಿಂಡದ ಬಹುಪಾಲು ಪೆಟ್ಟುಗಳು ಇಂದು ಶಸ್ತ್ರಚಿಕಿತ್ಸೆ ಇಲ್ಲದೆ ವಾಸಿಯಾಗುತ್ತವೆ. ಮಕ್ಕಳಲ್ಲಿ ಇದು ನೂರಕ್ಕೆ 90ಕ್ಕಿಂತ ಹೆಚ್ಚು. ಹೊಟ್ಟೆ ತೆರೆದರೆ ಸೋಂಕು, ಮುಂದೆ ಕರುಳು ಅಂಟಿಕೊಳ್ಳುವುದು, ಗಾಯದ ಜಾಗದಲ್ಲಿ ಹರ್ನಿಯಾ, ವಾರಗಟ್ಟಲೆ ಭಾರ ಎತ್ತಲಾಗದಿರುವುದು ಇವೆಲ್ಲ ಇವೆ. ಭತ್ತದ ಚೀಲ ಹೊತ್ತು ಬದುಕುವವನಿಗೆ ಬೇಡದ ಒಂದು ಕೊಯ್ತ ಸಣ್ಣ ಮಾತಲ್ಲ.

ಆದರೆ ಈ ಧೈರ್ಯಕ್ಕೆ ಷರತ್ತುಗಳಿವೆ. ಅಮೆರಿಕದ ಗಾಯ ಶಸ್ತ್ರಚಿಕಿತ್ಸಕರ ಇನ್ನೊಂದು ಸಂಘಟನೆ 2012ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಇದನ್ನು ನೇರವಾಗಿ ಹೇಳುತ್ತದೆ. ರೋಗಿಯನ್ನು ನಿರಂತರ ಗಮನಿಸುವ, ಮತ್ತೆ ಮತ್ತೆ ಪರೀಕ್ಷಿಸುವ, ತುರ್ತಾಗಿ ಹೊಟ್ಟೆ ತೆರೆಯಲು ಥಿಯೇಟರ್ ಸಿದ್ಧವಿರುವ ಕಡೆ ಮಾತ್ರ ಕೊಯ್ಯದೆ ಕಾಯಬಹುದು. ಅಂದರೆ ರಾತ್ರಿ ಎರಡು ಗಂಟೆಗೂ ನಾಡಿ ನೋಡುವ ನರ್ಸ್, ಕರೆದರೆ ಬರುವ ಶಸ್ತ್ರಚಿಕಿತ್ಸಕರು ಮತ್ತು ಅರಿವಳಿಕೆ ತಜ್ಞರು, ಗುಂಪು ಹೊಂದಿಸಿಟ್ಟ ರಕ್ತ ಬೇಕು. ಬ್ಲಷ್ ಕಂಡರೆ, ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ಕಳಿಸಿ ಸೋರುವ ನಾಳವನ್ನಷ್ಟೇ ಮುಚ್ಚುವ ಚಿಕಿತ್ಸೆಯೂ ಇದೆ. ಆದರೆ ಆ ಸೌಲಭ್ಯ ದೊಡ್ಡ ನಗರಗಳಾಚೆ ಸುಲಭವಾಗಿ ಸಿಗುವುದಿಲ್ಲ. ಅದಿಲ್ಲದ ಕಡೆ ಅದೇ ವರದಿ ನೋಡಿಯೂ ಶಸ್ತ್ರಚಿಕಿತ್ಸಕರು ಬೇಗ ಕೊಯ್ಯಲು ನಿರ್ಧರಿಸಿದರೆ ಅದು ತಪ್ಪಲ್ಲ.

ಸ್ಕ್ಯಾನ್ ಒಂದೇ ಆದರೂ ನಿರ್ಧಾರ ಊರಿಂದ ಊರಿಗೆ ಬೇರೆಯಾಗಬಹುದು. ಆದ್ದರಿಂದ "ಹತ್ತಿರದಲ್ಲಿ ಸ್ಕ್ಯಾನ್ ಎಲ್ಲಿದೆ?" ಎಂದು ಕೇಳುವ ಬದಲು "ಕಾಯಲೂ, ಕೊಯ್ಯಲೂ ಆಗುವ ಜಾಗ ಎಲ್ಲಿದೆ?" ಎಂದು ಕೇಳುವುದು ಸರಿ. ಬಳ್ಳಾರಿ ಜಿಲ್ಲೆಯಲ್ಲಿ ಸರ್ಕಾರಿ ವ್ಯವಸ್ಥೆಯಲ್ಲಿ ಆ ಜಾಗ ನಗರದಲ್ಲಿದೆ. 1961ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮತ್ತು ಅದರ ಟ್ರಾಮಾ ಕೇರ್ ಸೆಂಟರ್ ಅದು. ಕಾಲೇಜಿನ ಹೆಸರು ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ ಎಂದು ಬದಲಾಗಿದ್ದರೂ ಜನರ ಬಾಯಲ್ಲಿ ಅದಿನ್ನೂ ವಿಮ್ಸ್.

ಹಾಗಾದರೆ ಸಿರುಗುಪ್ಪ, ಕುರುಗೋಡಿನ ಆಸ್ಪತ್ರೆಗಳಿಗೆ ಕೆಲಸವಿಲ್ಲವೇ? ಬೇಕಾದಷ್ಟಿದೆ. ಉಸಿರಿನ ದಾರಿ ನೋಡುವುದು, ಆಮ್ಲಜನಕ, ಎರಡು ದಪ್ಪ ಸೂಜಿಗಳಲ್ಲಿ ರಕ್ತನಾಳ ಹಿಡಿಯುವುದು, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ವಿಷಯ ತಿಳಿಸುವುದು ಅಲ್ಲಿಯೇ ಆಗಬೇಕು. ರಕ್ತ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಔಷಧವೂ ಇದೆ. ಭಾರತವೂ ಸೇರಿ 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನ, ಇದು ಸಾವನ್ನು ತಗ್ಗಿಸುತ್ತದೆ ಎಂದು ತೋರಿಸಿತು. ಪೆಟ್ಟಾದ 3 ಗಂಟೆಯೊಳಗೆ ಕೊಟ್ಟರೆ ಮಾತ್ರ ಲಾಭ, ತಡವಾದರೆ ಹಾನಿಯೂ ಆಗಬಹುದು. ಬಳ್ಳಾರಿ ಮುಟ್ಟುವ ತನಕ ಕಾಯದೆ ತಾಲ್ಲೂಕಿನಲ್ಲೇ ಕೊಡಬಹುದಾದ ಔಷಧ ಇದು.

ಎಲ್ಲರಿಗೂ, ಇಡೀ ಮೈಗೆ ಸ್ಕ್ಯಾನ್ ಮಾಡಿಬಿಟ್ಟರೆ?

ನೆದರ್ಲೆಂಡ್ಸ್ ಮತ್ತು ಸ್ವಿಟ್ಜರ್ಲೆಂಡಿನ ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ರಿಯಾಕ್ಟ್-2 ಅಧ್ಯಯನ ಇದನ್ನೇ ಪರೀಕ್ಷಿಸಿತು. ತೀವ್ರ ಪೆಟ್ಟಾದವರಲ್ಲಿ ಒಂದು ಗುಂಪಿಗೆ ತಲೆಯಿಂದ ಸೊಂಟದವರೆಗೆ ಸ್ಕ್ಯಾನ್, ಇನ್ನೊಂದಕ್ಕೆ ಬೇಕಾದ ಜಾಗಕ್ಕೆ ಮಾತ್ರ. ಎರಡೂ ಗುಂಪಿನಲ್ಲಿ ಆಸ್ಪತ್ರೆಯಲ್ಲಿ ಸತ್ತವರ ಪ್ರಮಾಣ ಶೇ. 16ರ ಆಸುಪಾಸು, ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ.

ಹೊಟ್ಟೆಯ ಒಂದು ಸಿ.ಟಿ.ಯಲ್ಲಿ ಸಾಮಾನ್ಯವಾಗಿ 8ರಿಂದ 10 ಮಿಲಿಸೀವರ್ಟ್‌ನಷ್ಟು ವಿಕಿರಣ ತಗಲುತ್ತದೆ. ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ಸಹಜವಾಗಿ ವರ್ಷಕ್ಕೆ ಬರುವ ಜಾಗತಿಕ ಸರಾಸರಿ ಸುಮಾರು 2.4. ಅಂದರೆ ಮೂರು ನಾಲ್ಕು ವರ್ಷದ ಪಾಲು ಒಮ್ಮೆಲೇ ಬಂದಂತೆ. ನಿಜವಾಗಿ ಪೆಟ್ಟಾದವರಿಗೆ ಇದು ಹೆದರಬೇಕಾದ ಅಪಾಯವಲ್ಲ. ಮಕ್ಕಳಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು. ಚೆನ್ನಾಗಿ ಎಚ್ಚರವಿದ್ದು, ಹೊಟ್ಟೆ ಅಥವಾ ಎದೆಯ ಮೇಲೆ ಪೆಟ್ಟಿನ ಗುರುತಿಲ್ಲದೆ, ಹೊಟ್ಟೆನೋವು, ಮುಟ್ಟಿದರೆ ನೋವು, ವಾಂತಿ ಇಲ್ಲದೆ, ಉಸಿರಾಟದ ಸದ್ದು ಸರಿಯಾಗಿರುವ ಮಗುವಿಗೆ ತುರ್ತು ಚಿಕಿತ್ಸೆ ಬೇಕಾದ ಹೊಟ್ಟೆಯ ಪೆಟ್ಟು ಇರುವ ಸಾಧ್ಯತೆ ಬಹಳ ಕಡಿಮೆ ಎಂದು ಅಮೆರಿಕದಲ್ಲಿ 12,000 ಮಕ್ಕಳನ್ನು ಗಮನಿಸಿದ ಅಧ್ಯಯನ ತೋರಿಸಿದೆ. ಅಂಥ ಮಗುವಿಗೆ ವೈದ್ಯರು ಸ್ಕ್ಯಾನ್ ಬೇಡ ಎಂದರೆ ಅದು ನಿರ್ಲಕ್ಷ್ಯವಲ್ಲ.

ನಂಬಿಕೆ ಮತ್ತು ವಾಸ್ತವ

* "ಸ್ಕ್ಯಾನ್ ನಾರ್ಮಲ್ ಬಂತು, ಇನ್ನು ಮನೆಗೆ ಹೋಗಬಹುದು." ನೋವು ಇಲ್ಲದೆ, ಹೊಟ್ಟೆ ಮೆತ್ತಗಿದ್ದು, ವೈದ್ಯರು ಮತ್ತೆ ಪರೀಕ್ಷಿಸಿ ಒಪ್ಪಿದರೆ ಮಾತ್ರ. ನೋವು ಉಳಿದಿದ್ದರೆ ಕೆಲವು ಗಂಟೆ ನಿಗಾದಲ್ಲಿ ಇರಬೇಕು.
* "ಒಳಗೆ ರಕ್ತ ಕಂಡರೆ ಆಪರೇಷನ್ ಆಗಲೇಬೇಕು." ಸೋರಿಕೆ ನಿಂತಿದ್ದು, ರೋಗಿ ಸ್ಥಿರವಾಗಿದ್ದರೆ ಬೇಕಿಲ್ಲ. ಆ ರಕ್ತವನ್ನು ದೇಹ ನಿಧಾನವಾಗಿ ಹೀರಿಕೊಳ್ಳುತ್ತದೆ.
* "ಸ್ಕ್ಯಾನ್ ಮಾಡದೆ ಥಿಯೇಟರಿಗೆ ಒಯ್ದರು, ಏನೋ ಎಡವಟ್ಟು." ರಕ್ತದೊತ್ತಡ ಕುಸಿಯುತ್ತಿರುವವರಲ್ಲಿ ಅದೇ ಸರಿಯಾದ ದಾರಿ.
* "ಸುಸ್ತಾಗಿದ್ದಾನೆ, ಸ್ವಲ್ಪ ಸೋಡಾ ಕುಡಿಸಿ." ಏನನ್ನೂ ಕುಡಿಸಬೇಡಿ, ತಿನ್ನಿಸಬೇಡಿ. ಅರಿವಳಿಕೆ ಕೊಡುವಾಗ ವಾಂತಿ ಶ್ವಾಸಕೋಶಕ್ಕೆ ಹೋಗಬಹುದು.
* "ಪೆಟ್ಟಾದ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಿದರೆ ಒಳಪೆಟ್ಟು ಇಳಿಯುತ್ತದೆ." ನಿಂತ ಸೋರಿಕೆ ಮತ್ತೆ ಶುರುವಾಗಬಹುದು. ಹೊಟ್ಟೆಯನ್ನು ತಿಕ್ಕಬೇಡಿ.

ಮನೆಯವರು, ದಾರಿಹೋಕರು ಏನು ಮಾಡಬಹುದು?

108ಕ್ಕೆ ಕರೆ ಮಾಡಿ. ಕರ್ನಾಟಕದಲ್ಲಿ 2008ರಿಂದ ಇರುವ ಈ ಆಂಬುಲೆನ್ಸ್ ಉಚಿತ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಅವರಿಗೆ ರಕ್ಷಣೆ ಕೊಡುತ್ತದೆ.

ದಾರಿಯಲ್ಲಿ ಮೊದಲು ಒಂದು ಸ್ಕ್ಯಾನ್ ಸೆಂಟರ್, ಅಲ್ಲಿಂದ ಒಂದು ನರ್ಸಿಂಗ್ ಹೋಂ, ಆಮೇಲೆ ದೊಡ್ಡಾಸ್ಪತ್ರೆ ಎಂದು ಸುತ್ತಬೇಡಿ. ಸ್ಕ್ಯಾನ್ ಸೆಂಟರ್‌ನಲ್ಲಿ ರಕ್ತವೂ ಇರುವುದಿಲ್ಲ, ಥಿಯೇಟರೂ ಇರುವುದಿಲ್ಲ. ಸ್ಕ್ಯಾನ್ ಆಗಿಯೇ ಬೇರೆಡೆ ಕಳಿಸಿದರೆ ಬರೀ ವರದಿಯ ಕಾಗದವಲ್ಲ, ಚಿತ್ರಗಳಿರುವ ಸಿ.ಡಿ. ಅಥವಾ ಫಿಲ್ಮ್ ತಪ್ಪದೆ ತನ್ನಿ. ಎರಡನೇ ಸ್ಕ್ಯಾನ್, ಎರಡನೇ ಡೈ ಎರಡೂ ಉಳಿಯುತ್ತವೆ. ಪೆಟ್ಟು ಎಷ್ಟು ಹೊತ್ತಿಗೆ ಬಿತ್ತು, ಹೇಗೆ ಬಿತ್ತು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆಯೇ, ಡೈಗೆ ಅಲರ್ಜಿ ಇತ್ತೇ, ಹೆಂಗಸಾಗಿದ್ದರೆ ಗರ್ಭಿಣಿಯೇ ಎಂಬುದನ್ನು ವೈದ್ಯರಿಗೆ ಹೇಳಿ.

ಹಣದ ಚಿಂತೆಯಿಂದ ತಡಮಾಡಬೇಡಿ. ರಸ್ತೆ ಅಪಘಾತದವರಿಗೆ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂ. ತನಕ ನೆರವು ಕೊಡುವ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯನ್ನು ಕರ್ನಾಟಕ 2016ರಲ್ಲೇ ತಂದಿತು. ಕೇಂದ್ರ ಸರ್ಕಾರ 2025ರಲ್ಲಿ ಜಾರಿಗೆ ತಂದ ಯೋಜನೆಯಲ್ಲಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂ. ತನಕ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಆಸ್ಪತ್ರೆಗೆ ಸೇರಿಸುವಾಗಲೇ ಈ ಯೋಜನೆಗಳ ಬಗ್ಗೆ ಕೇಳಿ.

ಕೊಯ್ಯದೆ ವಾಸಿಯಾಗಿ ಮನೆಗೆ ಬಂದವರಿಗೂ ಒಂದು ಮಾತು. ಗುಲ್ಮ, ಯಕೃತ್ತಿನ ಸೀಳು ಕೂಡಲು ವಾರಗಳೇ ಬೇಕು. ಅಪರೂಪಕ್ಕೆ ಕೆಲವು ದಿನಗಳ ನಂತರವೂ ಮತ್ತೆ ಸೋರಬಹುದು. ವೈದ್ಯರು ಹೇಳುವ ತನಕ ಭಾರ ಎತ್ತುವುದು, ಟ್ರ್ಯಾಕ್ಟರ್ ಓಡಿಸುವುದು, ಕಬಡ್ಡಿ ಬೇಡ. ತಲೆಸುತ್ತು, ಕಪ್ಪು ಮಲ, ಹೊಟ್ಟೆಯಲ್ಲಿ ಅಥವಾ ಎಡ ಭುಜದಲ್ಲಿ ಹೊಸ ನೋವು, ಜ್ವರ, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಅದೇ ಆಸ್ಪತ್ರೆಗೆ ಹೊರಡಿ. ಹಳೆಯ ಸ್ಕ್ಯಾನ್ ಚಿತ್ರಗಳು ಜೊತೆಗಿರಲಿ.